ಸಂಕದಾಚೆಯ ಕೋಟೆ

ಕಡಿಯಾಳಿ, ಉಡುಪಿ
4-10-1987

ಚಿರಂಜೀವಿ ತಾರಾನಾಥನಿಗೆ,

ಲೋಕದ ಸಮಸ್ತ ಇತಿಹಾಸಕಾರರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬರೆದಿಟ್ಟುಕೊಳ್ಳಬೇಕಾದ ಸುದ್ದಿ ಇದು: ನಿನ್ನೆ ಸಾಯಂಕಾಲ ಉಡುಪಿಯ ಶ್ರೀ ಮೌರಿಸ್ ಅವರ ರೇಡಿಯೋ ಮತ್ತು ಟಿ.ವಿ. ರಿಪೇರಿ ಅಂಗಡಿಯಲ್ಲಿ, ಕಪ್ಪು ಬಿಳುಪು ಪರದೆಯ ಮೇಲೆ, ಒಬ್ಬ ರಾಜಕುಮಾರನು ಎರಡು ಹೆಜ್ಜೆ ಬಲಕ್ಕೆ ನಡೆದನು. ಮೂರನೆಯ ಹೆಜ್ಜೆಗೆ ಕಾಲೆತ್ತಿದಾಗ ಕರೆಂಟು ಹೋಯಿತು. ಆದರೂ ನಡೆದದ್ದು ನಡೆದದ್ದೇ. ಸಾಕ್ಷಿಗೆ ನಾನಿದ್ದೇನೆ, ಮೌರಿಸ್ ಇದ್ದಾನೆ, ಅವನ ಹೆಂಡತಿ ಗ್ಲ್ಯಾಡಿಸ್‌ಬಾಯಿ ಇದ್ದಾರೆ, ಬೋಟಿನ ರೇಡಿಯೋ ರಿಪೇರಿಗೆ ಕೊಟ್ಟು ಕಾಯುತ್ತಿದ್ದ ಎರ್ಮಾಳಿನ ಕೂಸಪ್ಪಣ್ಣ ಇದ್ದಾರೆ. ಕೂಸಪ್ಪಣ್ಣ ಮಾತ್ರ, "ನಡೆದದ್ದು ಹೌದು ಮಾಸ್ಟ್ರೆ, ಆದರೆ ಅದು ರಾಜಕುಮಾರನಾ, ಏಡಿಯಾ?" ಎಂದು ಕೇಳಿದರು. ದೊಡ್ಡ ಕೆಲಸಗಳಿಗೆ ಇಂಥ ಸಣ್ಣ ಸಂಶಯಗಳು ಬರುವುದುಂಟು.

ನನ್ನ ಹೆಂಡತಿಯ ಒಬ್ಬನೇ ತಮ್ಮ, ಹಗಲು ಬಜಗೋಳಿಯ ಬ್ಯಾಂಕಿನ ಕೌಂಟರಿನಲ್ಲಿ ಕೂತು ಜನರಿಗೆ ಟೋಕನ್ ಕೊಡುವವನು, ಸಂಜೆ ಬಾಡಿಗೆ ಕೋಣೆಯಲ್ಲಿ ಕೂತು ಇಡೀ ಒಂದು ರಾಜ್ಯವನ್ನು ಕಂಪ್ಯೂಟರ್ ಆಟವಾಗಿ ಸೃಷ್ಟಿಸಿ, ಅದನ್ನು ಕ್ಯಾಸೆಟ್ಟಿಗೆ ತುಂಬಿಸಿ, ಬ್ರೌನ್ ಪೇಪರಿನಲ್ಲಿ ಸುತ್ತಿ ಕಳಿಸುತ್ತಾನೆಂದು ನಾನು ಎಣಿಸಿರಲಿಲ್ಲ. ನಿನ್ನ ಸ್ನೇಹಿತ ಕಾಪುವಿನ ಲಿಯೋನೆಲ್ ದುಬಾಯಿಯಿಂದ ತಂದು, ತನಗೊಂದು ಇಟ್ಟುಕೊಂಡು ಮಾರಿದ ಎರಡು ಕಂಪ್ಯೂಟರುಗಳಲ್ಲಿ ಒಂದನ್ನು ನೀನು ತೆಗೆದುಕೊಂಡದ್ದು, ಇನ್ನೊಂದನ್ನು ಮೌರಿಸ್ ತೆಗೆದುಕೊಂಡದ್ದು ನಮ್ಮ ಭಾಗ್ಯ. ಇಲ್ಲದಿದ್ದರೆ ನಿನ್ನ ರಾಜ್ಯವನ್ನು ನಾವು ಟೇಪ್ ರೆಕಾರ್ಡರಿನಲ್ಲಿ ಕೇಳಬೇಕಿತ್ತು. ಕೇಳಿದೆವು ಕೂಡ. ನಿನ್ನ ಅಕ್ಕ ಶ್ರೀಮತಿ ಭಜನೆಯ ಕ್ಯಾಸೆಟ್ಟೆಂದು ತಿಳಿದು ಹಾಕಿದಳು. ಅದು ಕೀಂ ಎಂದು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬಂದು, "ನಿಮ್ಮ ಬೆಕ್ಕಿಗೆ ಎಂತಾಯಿತು?" ಎಂದು ವಿಚಾರಿಸಿದರು.

'ವಜ್ರಕುಂಡಲ' ಎಂಬ ಹೆಸರು ಚೆನ್ನಾಗಿದೆ. ಆಡುವವನು ರಾಜಕುಮಾರನೋ ಮಂತ್ರವಾದಿಯೋ ಬಿಲ್ಲುಗಾರನೋ ಆಗಬೇಕು, ಬಲ ಬುದ್ಧಿ ಧೈರ್ಯಗಳನ್ನು ಅಳೆದು ಹಂಚಿಕೊಳ್ಳಬೇಕು, ಕತ್ತಿ ಹಿಡಿದು, ತೋಡಿನ ನೀರಿನ ಮೇಲಿನ ಸಂಕವೆಂಬ ಕಾಲುಸೇತುವೆ ದಾಟಿ ಹೋಗಿ, ಕಳವಾದ ವಜ್ರದ ಓಲೆಯನ್ನು ತರಬೇಕು ಎಂಬಷ್ಟು ನಿನ್ನ ಚೀಟಿಯಿಂದ ತಿಳಿಯಿತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುವುದರಿಂದ ಓದಲು ಸ್ವಲ್ಪ ಹೊತ್ತು ಬೇಕು, ಅಷ್ಟೇ. ಆಡಿದವರ ಅಭಿಪ್ರಾಯ ಒಂದನ್ನೂ ಬಿಡದೆ ಕಳಿಸಬೇಕೆಂದು ಆಜ್ಞಾಪಿಸಿದ್ದೀ. ಹೈಸ್ಕೂಲಿನಲ್ಲಿ ಕನ್ನಡದ ಉತ್ತರಪತ್ರಿಕೆ ತಿದ್ದಿ ತಿದ್ದಿ ಕಣ್ಣು ಕೆಡಿಸಿಕೊಂಡವನಿಗೆ ಇದೆಂತ ದೊಡ್ಡ ಕೆಲಸ? ಕರೆಂಟು ಬರಲಿ.

ನಿನ್ನ ಭಾವ,
ಯಜ್ಞನಾರಾಯಣ


ಬಜಗೋಳಿ
9-10-1987

ಭಾವನವರಿಗೆ ತಾರಾನಾಥನ ನಮಸ್ಕಾರಗಳು.

ಪತ್ರ ತಲುಪಿತು. ಏಡಿಯ ವಿಷಯ ಗಮನಿಸಿದ್ದೇನೆ.

ಈಗ ಒಂದು ಮುಖ್ಯ ಸಂಗತಿ. ಅಕ್ಕನಿಗೆ ಸದ್ಯ ಹೇಳಬೇಡಿ. ಲಿಯೋನೆಲ್ ಇನ್ನು ದುಬಾಯಿಗೆ ಹೋಗುವುದಿಲ್ಲವಂತೆ. ಕಾಪುವಿನಲ್ಲೇ ನಿಂತು, ಕಂಪ್ಯೂಟರ್ ಆಟಗಳನ್ನು ಮಾಡಿಸಿ ಬೊಂಬಾಯಿಗೂ ಗಲ್ಫಿಗೂ ಕಳಿಸುವ ಕಂಪೆನಿ ಶುರು ಮಾಡುತ್ತಾನಂತೆ. ಮಾಡಿಸುವುದು ಅವನು, ಮಾಡುವುದು ನಾನು. ಆದರೆ ಇದು ಸಂಜೆ ಹೊತ್ತು ಕೂತು ಮಾಡುವ ಕೆಲಸವಲ್ಲ, ಬ್ಯಾಂಕು ಬಿಟ್ಟು ಬಾ ಎನ್ನುತ್ತಾನೆ. ನಾನು ಅವನಿಗೆ ಒಂದು ಮಾತು ಕೊಟ್ಟಿದ್ದೇನೆ. ಉಡುಪಿಯಲ್ಲಿ ಆಡಿದವರು ಚೆನ್ನಾಗಿದೆ ಎಂದರೆ ಡಿಸೆಂಬರಿನಲ್ಲಿ ರಾಜೀನಾಮೆ. ಚೆನ್ನಾಗಿಲ್ಲ ಎಂದರೆ ನಾನು ನನ್ನ ಕೌಂಟರಿನಲ್ಲೇ ಕೂರುತ್ತೇನೆ, ಅವನು ಮತ್ತೆ ಆ ಮಾತು ಎತ್ತಬಾರದು. ಅವನು ಒಪ್ಪಿದ. ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೆ ಎಲೆಯ ಮುಂದೆ ಕೂತೇ ಹೇಳಿಬಿಡುವ ಊರು ಅದು, ಅವರು ಒಪ್ಪಿದ್ದನ್ನು ಜಗತ್ತೇ ಒಪ್ಪುತ್ತದೆ ಎಂಬುದು ಅವನ ಸಿದ್ಧಾಂತ.

ಆದ್ದರಿಂದ ಭಾವ, ನನ್ನ ಉದ್ಯೋಗ ನಿಮ್ಮ ಪತ್ರದ ಮೇಲೆ ನಿಂತಿದೆ. ದಾಕ್ಷಿಣ್ಯ ಬೇಡ. ಕೆಟ್ಟದ್ದನ್ನು ಮೊದಲು ಬರೆಯಿರಿ. ಒಳ್ಳೆಯದು ಏನೂ ಸಿಗದಿದ್ದರೆ ಬರೆಯಲೇಬೇಕೆಂದಿಲ್ಲ. ಯಾರು ಸಂಕದವರೆಗೆ ಬಂದರು, ಬಂದ ಮೇಲೆ ಎಂತ ಮಾಡಿದರು ಎಂಬುದನ್ನು ಮಾತ್ರ ಬಿಡಬೇಡಿ.

ಇಲ್ಲಿ ವೋಲ್ಟೇಜು ಕಡಿಮೆ. ಕುದುರೆಮುಖದ ಬಸ್ಸು ಹೋದಾಗಲೆಲ್ಲ ಟಿ.ವಿ.ಯಲ್ಲಿ ನನ್ನ ರಾಜಕುಮಾರ ನಡುಗುತ್ತಾನೆ.

ತಾರಾನಾಥ


ಕಡಿಯಾಳಿ
1-11-1987

ಚಿ. ತಾರಾನಾಥನಿಗೆ,

ನಿನ್ನ ಎರಡು ಕಾರ್ಡುಗಳೂ ಬಂದವು. ಎರಡರಲ್ಲೂ 'ಎಂತಾಯಿತು?' ಎಂದು ಮಾತ್ರ ಇತ್ತು. ಪೋಸ್ಟ್‌ಮ್ಯಾನ್ ಎರಡನೆಯದನ್ನು ಕೊಡುವಾಗ, "ಹೌದು ಮಾಸ್ಟ್ರೆ, ಎಂತಾಯಿತು?" ಎಂದು ತಾನೂ ಕೇಳಿದ. ತಡವಾದದ್ದಕ್ಕೆ ಕಾರಣ ದೀಪಾವಳಿ, ಆಮೇಲೆ ಅರ್ಧವಾರ್ಷಿಕ ಪರೀಕ್ಷೆ, ಆಮೇಲೆ ನನ್ನ ಸೊಂಟ.

ಅಭಿಪ್ರಾಯಗಳು ಹೀಗಿವೆ. ಮೌರಿಸ್ ಹೇಳಿದ್ದು: "ಇಷ್ಟು ವರ್ಷ ಅಂಗಡಿ ಇಟ್ಟಿದ್ದೇನೆ, ಇಂಥದ್ದನ್ನು ನೋಡಿಲ್ಲ." ಕೂಸಪ್ಪಣ್ಣ ಚಪ್ಪಲಿ ಕಳಚಿಟ್ಟು ನೋಡಿದರು. ಗ್ಲ್ಯಾಡಿಸ್‌ಬಾಯಿಯಂತೂ ಬೇರೆಯವರಿಗೂ ಅವಕಾಶ ಸಿಗಲೆಂದು ಎದ್ದೇ ಹೋದರು. ಈ ಕಾಲದಲ್ಲಿ ಅಂಥ ಔದಾರ್ಯ ಎಲ್ಲುಂಟು?

ಸಂಕವೋ? ದಾಟಿದೆವು. ಒಬ್ಬರ ಹಿಂದೆ ಒಬ್ಬರು ದಾಟಿದೆವು. ಸಂಕದ ವಿಷಯ ಹೆಚ್ಚು ಬರೆಯಲು ಎಂತದೂ ಇಲ್ಲ, ಸಂಕ ಇರುವುದೇ ದಾಟಲಿಕ್ಕೆ. ಆದರೆ ತಾರಾನಾಥಾ, ಸಂಕದ ಆಚೆ ಆ ಕೋಟೆ. ಆ ಏಳು ಬಾಗಿಲಿನ ಕೋಟೆ. ಮೊದಲನೆಯ ಬಾಗಿಲಿನಲ್ಲಿ ಕಬ್ಬಿಣದ ಆನೆ ಸೊಂಡಿಲೆತ್ತುವುದು, ಎರಡನೆಯದರಲ್ಲಿ ಗಿಳಿಯೊಂದು ಒಗಟು ಕೇಳುವುದು. ಇದನ್ನೆಲ್ಲ ಬಜಗೋಳಿಯಂಥ ಜಾಗದಲ್ಲಿ ಕೂತು, ಆ ವೋಲ್ಟೇಜಿನಲ್ಲಿ, ಹೇಗೆ ಕಟ್ಟಿದೆ ಮಾರಾಯ? ನಮ್ಮವನೇ ಕಟ್ಟಿದ್ದೆಂದು ಹೇಳಿಕೊಳ್ಳುವಾಗ ನನ್ನ ಎದೆ ಕೊಡೆಯಂತೆ ಬಿಚ್ಚಿಕೊಂಡಿತು.

ಒಟ್ಟಿನಲ್ಲಿ, ಚೆನ್ನಾಗಿದೆ.

ನಿನ್ನ ಭಾವ,
ಯಜ್ಞನಾರಾಯಣ

ತಮ್ಮಾ, ಇವರು ಲೋಟ ಇಡಲು ಎದ್ದಾಗ ಈ ಮೂಲೆಯಲ್ಲಿ ಬರೆಯುತ್ತಿದ್ದೇನೆ. ಊಟ ಮಾಡುವಾಗ ಕೋಟೆಯ ವಿಷಯ ಹೇಳಿದರು. ನೀನು ಸಣ್ಣವನಿರುವಾಗ ಮಲ್ಪೆಯ ಕಡಲ ತೀರದ ಹೊಯಿಗೆಯಲ್ಲಿ ಕಟ್ಟುತ್ತಿದ್ದದ್ದು ನೆನಪಾಯಿತು. ಬ್ಯಾಂಕು ಬಿಡುವ ಮಾತು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಈ ಮನೆಗೆ ಬರುವ ಇನ್‌ಲ್ಯಾಂಡು ಪತ್ರಗಳನ್ನು ಒಡೆಯುವವಳು ನಾನೇ. — ಶ್ರೀಮತಿ


ಬಜಗೋಳಿ
5-11-1987

ಭಾವನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಓದಿದೆ. ಬ್ಯಾಂಕಿಗೆ ಒಂದು ದಿನ ರಜೆ ಹಾಕಿ ಮತ್ತೆ ಓದಿದೆ.

ಕೋಟೆ ಎಲ್ಲರಿಗೂ ಹಿಡಿಸಿತೆಂದು ಬರೆದಿದ್ದೀರಿ. ಅದರ ವಿಷಯ ಇನ್ನಷ್ಟು ಬರೆಯಬಹುದಾ? ಮಾಡಿದವನಿಗೆ ಆಡಿದವರ ಕಣ್ಣಿನಿಂದ ನೋಡುವ ಆಸೆ ಇರುತ್ತದೆ. ಮೂರನೆಯ ಬಾಗಿಲಿನಿಂದ ಮುಂದೆ ನಿಮಗೆ ಕಂಡದ್ದೆಂತ?

ಮತ್ತೊಂದು. ಸಂಕದ ಮೇಲೆ ಒಬ್ಬರು ನಿಂತಿರುತ್ತಾರಲ್ಲ, ಅವರನ್ನು ನೀವೆಲ್ಲ ಹೇಗೆ ದಾಟಿದಿರಿ?

ನಿಮಗೆ ಎಲ್ಲಿಯೂ ಬೇಸರ ಬರಲಿಲ್ಲವೇ ಭಾವ? ಒಂದು ತಪ್ಪೂ ಸಿಗಲಿಲ್ಲವೇ? ಕೊಂಬು ಬಿಟ್ಟರೆ ಅರ್ಧ ಅಂಕ ಕಳೆಯುವವರು ನೀವು. ನನಗೆ ಏನೂ ಆಗುವುದಿಲ್ಲ. ಹೇಳಬಹುದು.

ತಾರಾನಾಥ


ಕಡಿಯಾಳಿ
15-11-1987

ಚಿ. ತಾರಾನಾಥನಿಗೆ,

ಕಲಾವಿದರ ಹಸಿವು ದೊಡ್ಡದು. ಹೊಗಳಿಕೆ ಒಂದು ಸೌಟು ಬಡಿಸಿದರೆ ಇನ್ನೊಂದು ಸೌಟು ಬೇಕು. ಆಗಲಿ, ಎಲೆ ಹಾಸು.

ಮೂರನೆಯ ಬಾಗಿಲಿನೊಳಗೆ ನೂರು ದೀಪ ಉರಿಯುತ್ತವೆ, ಒಂದು ಮಾತ್ರ ಸುಳ್ಳು ದೀಪ, ಅದನ್ನು ಗುರುತಿಸಿ ಊದಬೇಕು. ಗ್ಲ್ಯಾಡಿಸ್‌ಬಾಯಿ ಇಗರ್ಜಿಯ ಪೂಜೆಯಲ್ಲಿ ಮೇಣದ ಮೊಂಬತ್ತಿ ನೋಡಿ ಅಭ್ಯಾಸವಿದ್ದವರು, ಒಂದೇ ಸಲಕ್ಕೆ ಊದಿದರು. ನಾಲ್ಕನೆಯದರಲ್ಲಿ ಒಬ್ಬಳು ಅಜ್ಜಿ ಅವಲಕ್ಕಿ ಕುಟ್ಟುತ್ತಿರುತ್ತಾಳೆ. ರಾಜಕುಮಾರ ಒನಕೆಗೆ ಕೈ ಕೊಡುವವರೆಗೆ ತಲೆಯೆತ್ತುವುದಿಲ್ಲ. ಆರನೆಯದು ಕನ್ನಡಿಯ ಕೋಣೆ, ಒಬ್ಬ ಹೋದರೆ ಹನ್ನೆರಡು ರಾಜಕುಮಾರರು. ಏಳನೆಯ ಬಾಗಿಲಿಗೆ ಬೀಗ ಉಂಟು, ಕೀಲಿಕೈ ಇಲ್ಲ. ಕತ್ತಿಯನ್ನು ಕೆಳಗಿಟ್ಟ ಕೂಡಲೇ ತಾನಾಗಿ ತೆರೆಯುತ್ತದೆ. ಅದನ್ನು ಬರೆಯುವಾಗ, ಅಂದರೆ ಅದನ್ನು ನೋಡುವಾಗ, ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಸಂಕದ ಮೇಲಿನವರ ವಿಷಯ: ಅದು ಪರಸ್ಪರ ಗೌರವದಿಂದ ಆಯಿತು. ಬಿಡು.

ಇನ್ನು ನನ್ನದೊಂದು ಮಾತು. ಆಟ ಚೆನ್ನಾಗಿದೆ ಎಂದ ಮಾತ್ರಕ್ಕೆ ರಾಜೀನಾಮೆ ಕೊಡಲೇಬೇಕೆಂದು ಎಲ್ಲಿ ಬರೆದದ್ದುಂಟು? ಬ್ಯಾಂಕು ಕೂಡ ಒಂದು ಕೋಟೆಯೇ ಅಲ್ವಾ? ಅದಕ್ಕೂ ಬಾಗಿಲುಂಟು, ಕಾವಲುಂಟು, ಹನ್ನೊಂದು ಗಂಟೆಗೆ ಚಹಾ ಉಂಟು. ಲಿಯೋನೆಲನಿಗೆ ಹೊಸ ಹುಮ್ಮಸ್ಸು. ಹುಮ್ಮಸ್ಸಿಗೆ ಪಿಂಚಣಿ ಇಲ್ಲ ಮಾರಾಯ. ಎರಡು ವರ್ಷ ಕಳೆಯಲಿ, ಐದು ವರ್ಷ ಕಳೆಯಲಿ. ನೀನು ನಿವೃತ್ತನಾಗಿ ಆಮೇಲೆ ಕಂಪೆನಿ ಮಾಡಿದರೂ ನಾನು ಬೇಡವೆನ್ನಲಾರೆ.

ನಿನ್ನ ಭಾವ,
ಯಜ್ಞನಾರಾಯಣ


ಬಜಗೋಳಿ
9-12-1987

ಭಾವನವರಿಗೆ ನಮಸ್ಕಾರ.

ಬರೆಯದೆ ಮೂರು ವಾರದ ಮೇಲಾಯಿತು. ಬರೆಯಲು ಕೂತರೆ ಮುಂದೆ ಹೋಗುತ್ತಿರಲಿಲ್ಲ.

ನಿನ್ನೆ ಲಿಯೋನೆಲ್ ಬಂದಿದ್ದ. ಮೇಜಿನ ಮೇಲಿದ್ದ ನಿಮ್ಮ ಪತ್ರಗಳನ್ನು ನಾನು ಚಹಾ ತರುವಷ್ಟರಲ್ಲಿ ತೆಗೆದು ಓದಿದ. ಏಳನೆಯ ಬಾಗಿಲಿಗೆ ಬಂದಾಗ ಎದ್ದು ನಿಂತ. ಭಾಗ ಎರಡರಲ್ಲಿ ಹದಿನಾಲ್ಕು ಬಾಗಿಲು ಬೇಕಂತೆ. ಕಾಪುವಿನಲ್ಲಿ ಕೋಣೆ ನೋಡಿದ್ದಾನೆ, ಬೋರ್ಡು ಬರೆಯಲು ಕೊಟ್ಟಿದ್ದಾನೆ. ಕೊಟ್ಟ ಮಾತು ಕೊಟ್ಟದ್ದೇ ಅಲ್ವಾ ಎಂದ. ಹೌದು ಎಂದೆ.

ರಾಜೀನಾಮೆ ಟೈಪು ಮಾಡಿ ಆಗಿದೆ. ಭಾನುವಾರ ಅವನು ಮತ್ತೆ ಬರುತ್ತಾನೆ. ಸೋಮವಾರ ಹತ್ತು ಗಂಟೆಗೆ ಮ್ಯಾನೇಜರರ ಕೈಗೆ ಕೊಡುವುದು. ನನಗೆ ಸಂತೋಷವಾಗಿದೆ ಎಂದು ಅಕ್ಕನಿಗೆ ಹೇಳಿ.

ನಿಮಗೆ ಇನ್ನೇನಾದರೂ ಹೇಳಲಿಕ್ಕಿದ್ದರೆ ಶನಿವಾರದೊಳಗೆ ತಲುಪುವಂತೆ ಹೇಳಿ.

ತಾರಾನಾಥ


ಕಡಿಯಾಳಿ
11-12-1987

ತಾರಾನಾಥಾ,

ಇದನ್ನು ಅಂಚೆಗೆ ಹಾಕಿದರೆ, ನಿನ್ನ ರಾಜೀನಾಮೆ ಮ್ಯಾನೇಜರರ ಕೈಗೆ ತಲುಪಿದ ಮೇಲೆ ನಿನ್ನ ಕೈಗೆ ತಲುಪುತ್ತದೆ. ಆದ್ದರಿಂದ ಕಾರ್ಕಳದ ಮಾರ್ಗವಾಗಿ ಬಜಗೋಳಿಗೆ ಬರುವ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಡುತ್ತಿದ್ದೇನೆ. ಒಂದು ಹಲಸಿನ ಹಪ್ಪಳದ ಕಟ್ಟೂ ಉಂಟು, ಅದು ಅವರಿಗೆ, ನಿನಗಲ್ಲ. ಓದುವ ಮೊದಲು ಎಲ್ಲಿಯಾದರೂ ಕೂತುಕೋ.

ಕೋಟೆ ನಾವು ನೋಡಿಲ್ಲ. ನೀನು ಕಟ್ಟಿದ್ದೀ ಎಂದ ಮೇಲೆ ಅಲ್ಲಿ ಕೋಟೆಯೋ ಕಾಡೋ ಏನೋ ಒಂದು ಇದ್ದೇ ಇರುತ್ತದೆ. ಆದರೆ ಅದನ್ನು ಉಡುಪಿಯಲ್ಲಿ ಯಾರೂ ಕಂಡಿಲ್ಲ, ಯಾಕೆಂದರೆ ಉಡುಪಿಯಲ್ಲಿ ಯಾರೂ ಸಂಕ ದಾಟಿಲ್ಲ. ಆನೆ, ಗಿಳಿ, ದೀಪ, ಅಜ್ಜಿ, ಎಲ್ಲ ನನ್ನ ತಲೆಯಿಂದ ಬಂದದ್ದು. ಮೂರು ವರ್ಷದ ಹಿಂದೆ ನಿಮ್ಮ ಬ್ಯಾಂಕಿನವರ ನಾಟಕಕ್ಕೆ ಬಂದು, ನಿನ್ನ ಪಾತ್ರದ ಬಗ್ಗೆ ಕೇಳಿದಾಗ "ಪರದೆ ಚೆನ್ನಾಗಿತ್ತು" ಎಂದೆ. ನೀನು ಒಂದು ವರ್ಷ ನಮ್ಮ ಮೆಟ್ಟಿಲು ಹತ್ತಲಿಲ್ಲ, ಶ್ರೀಮತಿ ಒಂದು ವರ್ಷ ನನಗೆ ಸರಿಯಾದ ಕಾಫಿ ಕೊಡಲಿಲ್ಲ. ಈ ಸಲ ಕಾಫಿ ಉಳಿಸಿಕೊಂಡೆ. ಈಗ ನಿನ್ನ ಕೆಲಸ ಹೋಗುತ್ತದೆ ಎಂದಾಗ ಕಾಫಿ ಇಳಿಯುವುದಿಲ್ಲ.

ಇನ್ನು ನೀನು ಅಕ್ಟೋಬರಿನಲ್ಲೇ ಕೇಳಿದ ಅಭಿಪ್ರಾಯಗಳು. ಕೆಟ್ಟದ್ದು ಮೊದಲು ಎಂದಿದ್ದೆ. ಎಲ್ಲವೂ ಅದೇ ಆದ್ದರಿಂದ ಹೇಗೆ ಬರೆದರೂ ಆಗುತ್ತದೆ.

ಆಟ ನಿರಾಶೆ ಮಾಡಿತು. ರಾಜಕುಮಾರನಿಗೆ ಕತ್ತಿ ಬೇಕಾದರೆ ಭಂಡಾರಕ್ಕೆ ಹೋಗಬೇಕು. ಅಲ್ಲಿ ನೀನು ಅವನ ಕೈಗೆ ಟೋಕನ್ ಕೊಟ್ಟು ಬೆಂಚಿನ ಮೇಲೆ ಕೂರಿಸಿದ್ದೀ. ರಾಜಕುಮಾರನನ್ನು. ಅವನ ಅಪ್ಪನದ್ದೇ ಭಂಡಾರದಲ್ಲಿ. ನಾವೆಲ್ಲ ಬೆಂಚು ನೋಡುತ್ತಾ ಕೂತೆವು. ಮೌರಿಸ್ ಆ ಹೊತ್ತಿನಲ್ಲಿ ಒಂದು ಇಸ್ತ್ರಿಪೆಟ್ಟಿಗೆ ಬಿಚ್ಚಿ, ರಿಪೇರಿ ಮಾಡಿ, ಮುಚ್ಚಿದ. ಕೊನೆಗೆ ನಮ್ಮ ಸರದಿ ಬಂದಾಗ ಪರದೆಯಲ್ಲಿ ಬಂತು: 'ಭಂಡಾರದ ಸಮಯ ಮುಗಿಯಿತು. ನಾಳೆ ಬನ್ನಿ.'

"ಇದಕ್ಕಿಂತ ನಿಜವಾದ ಬ್ಯಾಂಕಿಗೆ ಹೋಗಬಹುದಿತ್ತು ಮಾಸ್ಟ್ರೆ," ಎಂದರು ಗ್ಲ್ಯಾಡಿಸ್‌ಬಾಯಿ, "ಅಲ್ಲಿ ಫ್ಯಾನಾದರೂ ಉಂಟು." ಅವರು ಎದ್ದು ಹೋದದ್ದು ಆಗಲೇ, ಔದಾರ್ಯದಿಂದಲ್ಲ.

ಇಡೀ ಆಟದಲ್ಲಿ ಒಬ್ಬರಿಗೆ ಹಿಡಿಸಿದ್ದು ಒಂದೇ ಒಂದು. 'ದಯವಿಟ್ಟು ಕುಳಿತುಕೊಳ್ಳಿ, ಕರೆಯುತ್ತೇನೆ' ಎಂದು ಬರುತ್ತದಲ್ಲ, ಅದನ್ನು ಕೂಸಪ್ಪಣ್ಣ ಎರಡು ಸಲ ಓದಿಸಿ ಕೇಳಿದರು. "ಎಷ್ಟು ಮರ್ಯಾದೆಯಲ್ಲಿ ಹೇಳುತ್ತದೆ. ಇದನ್ನು ಮಾಡಿದವರು ಯಾವುದಾದರೂ ಬ್ಯಾಂಕಿನಲ್ಲಿ ಇದ್ದರೆ ಜನರಿಗೆ ಉಪಕಾರ ಆದೀತು," ಎಂದರು. ಇದ್ದಾನೆ ಎಂದು ನಾನು ಹೇಳಲಿಲ್ಲ, ಈಗ ಹೇಳುವುದಾದರೆ ಸೋಮವಾರದವರೆಗೆ ಮಾತ್ರ ಎನ್ನಬೇಕು.

ಮರುದಿನ ಕತ್ತಿ ಸಿಕ್ಕಿತು. ಸಂಕಕ್ಕೆ ಬಂದೆವು. ಪರದೆಯಲ್ಲಿ ಬಂತು: 'ಸಂಕದ ಮೇಲೆ ಭೂತ ನಿಂತಿದೆ. ಏನು ಮಾಡುತ್ತೀ?' ನಾನು ಗಟ್ಟಿಯಾಗಿ ಓದಿದೆ. ಭೂತವೆಂದರೆ ಜಾಗ ಕಾಯುವ ದೈವವಲ್ಲವೇ, ಕೂಸಪ್ಪಣ್ಣ ಚಪ್ಪಲಿ ಬಿಚ್ಚಿ ಬಾಗಿಲಿನ ಹೊರಗಿಟ್ಟು ಬಂದರು.

"ಇದು ಯಾವ ಜಾಗದ್ದು ಮಾಸ್ಟ್ರೆ?"

"ಕಂಪ್ಯೂಟರಿನದ್ದು."

"ಕಂಪ್ಯೂಟರು ಯಾರದ್ದು?"

"ಮೌರಿಸನದ್ದು."

"ಹಾಗಾದರೆ ಮೌರಿಸಣ್ಣ ಮಾತಾಡಬೇಕು. ಅವರ ಜಾಗದ್ದನ್ನು ನಾವು ಮಾತಾಡಿಸಿದರೆ ಆಗುತ್ತದಾ?"

"ನಾನು ಇಗರ್ಜಿಗೆ ಹೋಗುವವ ಮಾರಾಯ್ರೆ, ನನ್ನನ್ನು ಎಂತಕ್ಕೆ ಎಳೆಯುವುದು?" ಎಂದ ಮೌರಿಸ್.

ಗ್ಲ್ಯಾಡಿಸ್‌ಬಾಯಿ ಒಳಗಿನಿಂದಲೇ, "ಅಂಗಡಿ ಬಾಡಿಗೆಯದ್ದು. ಜಾಗದ ಯಜಮಾನರನ್ನು ಕರೆಸಿ," ಎಂದರು.

ನಿನ್ನ ಆಟಕ್ಕೆ ತಿಳಿಯುವುದು ನಾಲ್ಕೇ ಶಬ್ದ: ಹೋಗು, ನೋಡು, ತೆಗೆ, ಹೊಡೆ. ಹೋಗು ಎಂದರೆ ಭೂತ ಬಿಡುವುದಿಲ್ಲ. ನೋಡು ಎಂದರೆ ಅದು ನಮ್ಮನ್ನೇ ನೋಡುತ್ತಿದೆ ಎಂದು ಬರುತ್ತದೆ, ಆಗ ನಾವು ಆಚೆ ನೋಡಿದೆವು. ತೆಗೆ ಎಂದು ಬರೆಯುವ ಅಧಿಕಪ್ರಸಂಗ ಯಾರೂ ಮಾಡಲಿಲ್ಲ. 'ಕೈ ಮುಗಿ' ಎಂದು ಬರೆದೆವು. 'ತಿಳಿಯಲಿಲ್ಲ' ಎಂದಿತು. 'ತೆಂಗಿನಕಾಯಿ ಕೊಡು' ಎಂದೆವು. ತಿಳಿಯಲಿಲ್ಲ. 'ಏನು ಬೇಕೆಂದು ಕೇಳು' ಎಂದೆವು. ತಿಳಿಯಲಿಲ್ಲ. "ಇದಕ್ಕೆ ಕನ್ನಡ ಬರುವುದಿಲ್ಲ ಕಾಣುತ್ತದೆ, ತುಳುವಿನಲ್ಲಿ ಕೇಳಿ," ಎಂದರು ಕೂಸಪ್ಪಣ್ಣ. ಅದೂ ಆಯಿತು.

ಉಳಿದದ್ದು ಹೊಡೆ. ಯಾರು ಹೊಡೆಯುತ್ತಾರೆ ತಾರಾನಾಥಾ? ಭೂತ ದಾರಿಯಲ್ಲಿ ನಿಂತರೆ ಎಂತ ಬೇಕೆಂದು ಕೇಳುವವರು ನಾವು. ಕತ್ತಿ ಎತ್ತುವ ಊರು ಯಾವುದಾದರೂ ಇದ್ದರೆ ಅದು ಘಟ್ಟದಿಂದ ಬಹಳ ಆಚೆ ಇರಬೇಕು. ಅಂಥ ಊರಿನವನೂ ಒಬ್ಬ ಬಂದಿದ್ದ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವವ, ದಿಲ್ಲಿ ಕಡೆಯವ, ಟೇಪ್ ರೆಕಾರ್ಡರ್ ರಿಪೇರಿಗೆಂದು ಬಂದು ನಿಂತು ನೋಡಿದ. ಅವನಿಗೆ ಆ ಇಂಗ್ಲಿಷ್ ಅಕ್ಷರ ಓದಲು ಬರುತ್ತದೆ, ಅರ್ಥ ಗೊತ್ತಿಲ್ಲ. ಇದರಲ್ಲಿ ಹೊಡೆಯುವುದಕ್ಕೆ ಯಾವ ಶಬ್ದ ಎಂದು ಕೇಳಿದ. ಗ್ಲ್ಯಾಡಿಸ್‌ಬಾಯಿ, "ಅಂಥ ಶಬ್ದ ಕನ್ನಡದಲ್ಲಿ ಇಲ್ಲವೇ ಇಲ್ಲ," ಎಂದು ಅವನ ಟೇಪ್ ರೆಕಾರ್ಡರ್ ಕೊಟ್ಟು ಕಳಿಸಿದರು.

ನನ್ನದೂ ಕೇಳು. ಒಂದು ಮಧ್ಯಾಹ್ನ ಅವರೆಲ್ಲ ಊಟಕ್ಕೆ ಹೋದಾಗ, ಭಾವಮೈದನ ರಾಜ್ಯವನ್ನು ಪೂರ್ತಿ ನೋಡಲೇಬೇಕೆಂದು ನಾನೊಬ್ಬನೇ ಕೂತೆ. 'ಹೊಡೆ' ಎಂದು ಬರೆದೆ. ಇನ್ನೊಂದು ಗುಂಡಿ ಒತ್ತಿದರೆ ಆಯಿತು. ನಮ್ಮ ಮನೆಯ ಹಿಂದೆ ಭೂತದ ಗುಡಿಯ ಹತ್ತಿರ ಹಾದುಹೋಗುವಾಗ ನನ್ನ ಅಮ್ಮ ಸ್ವರ ತಗ್ಗಿಸುತ್ತಿದ್ದದ್ದು ನೆನಪಾಯಿತು. ಎದ್ದು ಪ್ಲಗ್ಗು ಎಳೆದೆ. ಮೌರಿಸನಿಗೆ ಕರೆಂಟು ಹೋಯಿತು ಎಂದೆ. ಅವನ ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಅವನು ಅದನ್ನು ಆರಿಸಿದ.

ಇದು ಉಡುಪಿಯ ತೀರ್ಪು: ಚೆನ್ನಾಗಿಲ್ಲ. ಈ ಪತ್ರವನ್ನು ಲಿಯೋನೆಲನಿಗೆ ತೋರಿಸು. ನಮ್ಮ ಮೆಟ್ಟಿಲು ಹತ್ತದಿದ್ದರೂ ಅಡ್ಡಿಯಿಲ್ಲ, ಕೌಂಟರಿನಿಂದ ಇಳಿಯಬೇಡ.

ಯಜ್ಞನಾರಾಯಣ

ತಮ್ಮಾ, ಇದನ್ನು ನಾನೇ ಬರೆಸಿದ್ದು. ಕೋಟೆ ಸುಳ್ಳೆಂದು ನನಗೆ ಮೊದಲೇ ಗೊತ್ತಿತ್ತು. ಅವಲಕ್ಕಿ ಕುಟ್ಟುವ ಅಜ್ಜಿ ಇವರ ಅಜ್ಜಿ. — ಶ್ರೀಮತಿ


ಬಜಗೋಳಿ
14-12-1987, ಸೋಮವಾರ

ಭಾವ,

ಬದುಕಿದೆ.

ಕಂಡಕ್ಟರು ಪತ್ರ ಕೊಟ್ಟದ್ದು ಶನಿವಾರ ಬೆಳಿಗ್ಗೆ. ಕೂತುಕೊಂಡು ಓದು ಎಂದು ಒಳಗೆ ಬರೆದಿದ್ದೀರಿ, ಅದು ತಿಳಿಯಬೇಕಾದರೆ ನಿಂತೇ ತೆರೆಯಬೇಕಲ್ಲ. 'ಚೆನ್ನಾಗಿಲ್ಲ' ಎಂಬಲ್ಲಿಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ನಗು ಬಂತೆಂದರೆ ಹೋಟೆಲಿನವರು ನೀರು ತಂದು ಕೊಟ್ಟರು.

ಈಗ ನನ್ನ ಸರದಿ. ನೀವು ಕೂತುಕೊಳ್ಳಿ. ಸಂಕದ ಆಚೆ ಏನೂ ಇಲ್ಲ. ಕೋಟೆ ಇಲ್ಲ, ಕಾಡು ಇಲ್ಲ, ಓಲೆಯೂ ಇಲ್ಲ. 'ಹೊಡೆ' ಎಂದು ಒತ್ತಿದರೆ ಆಟ ಅಲ್ಲೇ ನಿಂತು, ಪ್ರೋಗ್ರಾಮಿನ ಮುಂದಿನ ಸಾಲು ಸಿಗಲಿಲ್ಲ ಎಂದು ಬರುತ್ತದೆ. ಲಿಯೋನೆಲ್ ತಂದ ವಿದೇಶದ ಆಟದಲ್ಲಿ ಸೇತುವೆಯ ಮೇಲೊಬ್ಬ ಕಾವಲುಗಾರ ಇದ್ದ, ಹೊಡೆದು ಹೋಗುವುದು. ಅದನ್ನು ನೋಡಿ ನಾನೂ ಹಾಗೆಯೇ ಮಾಡಿದೆ, ಕಾವಲಿಗೆ ನಮ್ಮ ಕಡೆಯವರನ್ನು ನಿಲ್ಲಿಸಿದೆ. ಪರೀಕ್ಷೆ ಮಾಡಲು ಕೂತಾಗ ನನ್ನ ಕೈಯೂ ನಿಮ್ಮ ಹಾಗೆಯೇ ನಿಂತಿತು. ಸಂಕದ ಈಚೆಯೇ ನಿಂತವನು ಆಚೆಯದ್ದನ್ನು ಎಂತ ಬರೆಯುವುದು? ಭಂಡಾರದಲ್ಲಿ ಬೆಂಚು ಹಾಕುತ್ತಾ, ಟೋಕನ್ ಕೊಡುತ್ತಾ ಈಚೆಯೇ ಕಾಲ ಕಳೆದೆ. ಲಿಯೋನೆಲ್ ಕೇಳಿದಾಗ ಮಾತ್ರ, ಪೂರ್ತಿ ಆಗಿದೆ ಎಂದುಬಿಟ್ಟೆ. ಆಮೇಲೆ ಹಿಂದೆ ಬರಲು ದಾರಿ ಇರಲಿಲ್ಲ. ಉಡುಪಿಯವರು ಕೆಟ್ಟದ್ದೆಂದು ಹೇಳಿಯೇ ಹೇಳುತ್ತಾರೆ, ಅವರ ನಾಲಿಗೆಯಿಂದ ನಾನು ಬಚಾವಾಗುತ್ತೇನೆ ಎಂದು ನಂಬಿಕೊಂಡು ಕೂತಿದ್ದೆ.

ಆಗ ನೀವು ಕೋಟೆ ಕಳಿಸಿದಿರಿ.

ರಜೆ ಹಾಕಿದ್ದು ಅದಕ್ಕೇ ಭಾವ. ನಾನೇ ಯಾವಾಗಲೋ ಬರೆದು ಮರೆತೆನೋ ಎಂದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಆನೆ ಹುಡುಕಿದೆ. ಸುಳ್ಳೆಂದು ತಿಳಿಯಿತು. ಆದರೆ ನಿಮ್ಮದು ಸುಳ್ಳೆನ್ನಬೇಕಾದರೆ ಅಲ್ಲಿ ಏನೂ ಇಲ್ಲವೆಂದು ನಾನು ಒಪ್ಪಬೇಕು. ನೀವೇ ತಪ್ಪೊಪ್ಪಿಕೊಳ್ಳಲಿ ಎಂದು ಮೂರನೆಯ ಬಾಗಿಲು ಕೇಳಿದೆ. ನೀವು ಏಳನೆಯದರವರೆಗೆ ಕಟ್ಟಿ ಕಳಿಸಿದಿರಿ.

ನಿನ್ನೆ ಲಿಯೋನೆಲ್ ಬಂದ. ನಿಮ್ಮ ಪತ್ರ ಓದಿ ಹೇಳಿದೆ, ನನ್ನದನ್ನೂ ಹೇಳಿದೆ. "ಹೊಡೆಯಬೇಕಿತ್ತಾ? ನಾನು ಹಾಳಾದ ಕ್ಯಾಸೆಟ್ ಎಂದುಕೊಂಡಿದ್ದೆ ಮಾರಾಯ," ಎಂದ. ಅವನ ಮನೆಯಲ್ಲೂ ಒಂದು ಪ್ರತಿ ಉಂಟಂತೆ, ಅವನೂ ಎರಡು ತಿಂಗಳಿನಿಂದ ಸಂಕದ ಈಚೆಯೇ ನಿಂತಿದ್ದನಂತೆ. ಸ್ನೇಹಿತನ ಆಟ, ಚೆನ್ನಾಗಿಲ್ಲ ಎಂದು ಹೇಗೆ ಹೇಳುವುದು ಎಂದು ಬೋರ್ಡು ಬರೆಯಲು ಕೊಟ್ಟಿದ್ದನಂತೆ. ಇಬ್ಬರೂ ಒಂದೊಂದು ಉಸಿರು ಬಿಟ್ಟೆವು. ಇನ್ನು ಅವನು ಕಾಪುವಿನ ಆ ಕೋಣೆಯಲ್ಲಿ ವಿ.ಸಿ.ಆರ್. ಬಾಡಿಗೆಗೆ ಕೊಡುತ್ತಾನಂತೆ. ಅದರಲ್ಲಿ ಯಾರನ್ನೂ ಹೊಡೆಯುವುದು ಬೇಡ, ಕೂತು ನೋಡಿದರೆ ಆಯಿತು.

ಇವತ್ತು ಹತ್ತು ಗಂಟೆಗೆ ಕೌಂಟರಿನಲ್ಲಿ ಕೂತು ಮೊದಲ ಟೋಕನ್ ಕೊಟ್ಟೆ. "ದಯವಿಟ್ಟು ಕುಳಿತುಕೊಳ್ಳಿ, ಕರೆಯುತ್ತೇನೆ," ಎಂದೆ. ಇಷ್ಟು ಹಾಯೆನಿಸುವ ವಾಕ್ಯ ಅದು ಎಂದು ಗೊತ್ತೇ ಇರಲಿಲ್ಲ. ಮ್ಯಾನೇಜರರಿಗೆ ಏನೂ ಗೊತ್ತಿಲ್ಲ. ರಾಜೀನಾಮೆಯ ಹಾಳೆ ಒಳ್ಳೆಯ ದಪ್ಪ ಕಾಗದ, ಅದರ ಹಿಂಬದಿಯಲ್ಲಿ ನಕ್ಷೆ ಹಾಕುತ್ತಿದ್ದೇನೆ.

ಯಾವುದರ ನಕ್ಷೆ ಎಂದರೆ, ಆಟಕ್ಕೆ ನಿನ್ನೆ ಒಂದು ಶಬ್ದ ಸೇರಿಸಿದೆ: 'ಕೇಳು'. ಕೇಳಿದರೆ ಸಂಕದ ಮೇಲಿನವರು 'ಎಲ್ಲಿಗೆ?' ಎನ್ನುತ್ತಾರೆ. ಎಲ್ಲಿಗೆಂದು ಹೇಳಿದರೆ ದಾರಿ ಬಿಡುತ್ತಾರೆ. ನಮ್ಮೂರಿನಲ್ಲಿ ರಸ್ತೆಗಿಳಿದವರನ್ನು ಎಲ್ಲರೂ ಕೇಳುವುದು ಅಷ್ಟನ್ನೇ ಅಲ್ವಾ? ಮೊದಲ ಸಲ ನಾನೇ ದಾಟಿದೆ. ದಾಟಿ ನೋಡಿದರೆ ಕಪ್ಪು ಪರದೆ. ಆದ್ದರಿಂದ ಅಲ್ಲಿ ನಿಮ್ಮ ಕೋಟೆಯನ್ನೇ ಕಟ್ಟುವುದೆಂದು ಮಾಡಿದ್ದೇನೆ. ಸಂಜೆ ಹೊತ್ತು, ನಿಧಾನಕ್ಕೆ, ಯಾರಿಗೂ ಮಾರಲಿಕ್ಕಲ್ಲ. ಭಂಡಾರದ ಬೆಂಚು ತೆಗೆದು ಜಾಗ ಮಾಡಿಕೊಂಡೆ. ಆನೆ ಆಯಿತು. ಗಿಳಿ ಅರ್ಧ ಆಯಿತು, ಸದ್ಯ ಅದೂ ಏಡಿಯ ಹಾಗೆ ಕಾಣುತ್ತದೆ.

ಆಗಬೇಕಾದ ಉಪಕಾರ ಒಂದುಂಟು ಭಾವ. ನಿಮ್ಮ ಪತ್ರಗಳಲ್ಲಿ ನಾಲ್ಕನೆಯ ಬಾಗಿಲಾದ ಮೇಲೆ ನೇರ ಆರನೆಯದು ಬರುತ್ತದೆ. ಐದನೆಯದರಲ್ಲಿ ಏನಿತ್ತೆಂದು ಒಂದು ಕಾರ್ಡು ಬರೆದು ಹಾಕಿ. ಸಣ್ಣದಾಗಿರಲಿ, ಕಂಪ್ಯೂಟರಿನೊಳಗೆ ಇನ್ನು ಹೆಚ್ಚು ಜಾಗ ಇಲ್ಲ.

ತಾರಾನಾಥ